ಐದು ದಿನಗಳ ಅವಕಾಶ: ಅನುಕೂಲವೋ, ಅಪಹರಣವೋ?

ಕೊಂಡ ಸರಕನ್ನು ಹಿಂದಿರುಗಿಸುವ ಅವಕಾಶವೆಂಬುದು ಮಾರುವವನು ಕೊಳ್ಳುವವನಲ್ಲಿ ಇಡುವ ವಿಶ್ವಾಸದ ಕುರುಹು. ಮನುಷ್ಯನು ಎಡವುವ ಸ್ವಭಾವದವನು, ಎಡವಿದವನನ್ನು ಕೂಡಲೇ ದಂಡಕ್ಕೆ ಗುರಿಮಾಡುವುದು ವರ್ತಕನಿಗೆ ಶೋಭಿಸದು ಎಂಬ ವಿವೇಕದಿಂದ ಅದು ಹುಟ್ಟಿದೆ. ವಜ್ರ ಮತ್ತು ರತ್ನಗಳ ವ್ಯಾಪಾರದಲ್ಲಿ ‘ಜಾಂಗಡ್’ ಎಂಬ ಪದ್ಧತಿಯು ಬಹುಕಾಲದಿಂದ ರೂಢಿಯಲ್ಲಿದೆ. ಒಂದು ಚೀಟಿಯ ಆಧಾರದ ಮೇಲೆ ಲಕ್ಷಾಂತರ ರೂಪಾಯಿಗಳ ಸರಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಒಪ್ಪಿಗೆಯಾದರೆ ಹಣ ಬರುತ್ತದೆ, ಇಲ್ಲವಾದರೆ ಸರಕೇ ಮರಳಿ ಬರುತ್ತದೆ. ಇಂತಹ ಕರಾರಿನ ಮೇಲೆ ಪಡೆದ ಹಾರವನ್ನು ಮದುವೆಮನೆಗೆ ಬಾಡಿಗೆಗೆ ಕೊಟ್ಟು, ಬಾಡಿಗೆಯನ್ನು ಜೇಬಿಗಿಳಿಸಿ, ಗಡುವಿನ ಕೊನೆಯ ದಿನ “ಒಪ್ಪಿಗೆಯಾಗಲಿಲ್ಲ” ಎಂದು ಹಾರವನ್ನು ಹಿಂದಿರುಗಿಸುವವನನ್ನು ಏನೆಂದು ಕರೆಯಬೇಕು? ಹಾರವೇನೋ ಮರಳಿ ಬಂದಿದೆ, ಒಂದು ಹರಳೂ ಕಳೆದಿಲ್ಲ. ಆದರೂ ಪೇಟೆಯ ಯಾವ ಹಿರಿಯನೂ ಅವನನ್ನು ಪ್ರಾಮಾಣಿಕನೆಂದು ಕರೆಯಲಾರನು.

ಇದೇ ಕೃತ್ಯವು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅಂತರಜಾಲದ ಹೆಸರುಗಳ ಪೇಟೆಯಲ್ಲಿ ಕೋಟಿಗಳ ಪ್ರಮಾಣದಲ್ಲಿ ನಡೆಯಿತು. ನಡೆಸಿದವರು ಅದನ್ನು ವ್ಯಾಪಾರವೆಂದು ಕರೆದರು. ನೋಡಿದವರು ನಿಯಮದಲ್ಲಿ ಅವಕಾಶವಿದೆಯಲ್ಲ ಎಂದು ಸುಮ್ಮನಾದರು. ಅದಕ್ಕೆ ಮಿತಿ ಹಾಕಿದ ನಿಯಮವು 2009ರಲ್ಲಿ ಜಾರಿಗೆ ಬಂದು ಇಂದಿಗೂ ಊರ್ಜಿತದಲ್ಲಿದೆ. ಸೌಲಭ್ಯವನ್ನು ಉಳಿಸಿಕೊಂಡು ದುರುಪಯೋಗವನ್ನು ಮಾತ್ರ ಕತ್ತರಿಸುವುದು ಸಾಧ್ಯ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನ ಅಪರೂಪ. ಅಷ್ಟೇ ಸ್ಪಷ್ಟವಾಗಿ ಅದು ಇನ್ನೊಂದು ಸತ್ಯವನ್ನೂ ತೋರಿಸುತ್ತದೆ: ಬೆಲೆಯಿಲ್ಲದ ದುರಾಸೆಯು ಉಪದೇಶಕ್ಕೆ ಬಗ್ಗುವುದಿಲ್ಲ.

ಹೆಸರಿನ ಪೇಟೆಯ ವ್ಯವಸ್ಥೆ

ಅಂತರಜಾಲದಲ್ಲಿ ಒಂದು ಸಂಸ್ಥೆಯ ವಿಳಾಸವಾಗಿ ನಿಲ್ಲುವುದು ಅದರ ಡೊಮೇನ್ ಹೆಸರು. ಈ ಹೆಸರು ಯಾರಿಗೂ ಶಾಶ್ವತವಾಗಿ ಮಾರಲ್ಪಡುವುದಿಲ್ಲ. ವಾರ್ಷಿಕ ಶುಲ್ಕದ ಮೇಲೆ ನೋಂದಣಿಯಾಗುತ್ತದೆ. ವ್ಯವಸ್ಥೆಯಲ್ಲಿ ಮೂರು ಅಂತಸ್ತುಗಳಿವೆ. ಎಲ್ಲಕ್ಕೂ ಮೇಲೆ, 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾಭರಹಿತ ಸಂಸ್ಥೆಯಾಗಿ ಸ್ಥಾಪಿತವಾದ ಐಕ್ಯಾನ್ ನಿಯಮಗಳನ್ನು ರೂಪಿಸುತ್ತದೆ. ಅದರ ಕೆಳಗೆ ಒಂದೊಂದು ವರ್ಗದ ಹೆಸರುಗಳ ಮೂಲ ದಫ್ತರವನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಗಳಿವೆ. ಡಾಟ್ ಕಾಮ್ ಮತ್ತು ಡಾಟ್ ನೆಟ್ ಹೆಸರುಗಳ ದಫ್ತರವು ವೆರಿಸೈನ್ ಕಂಪನಿಯ ವಶದಲ್ಲಿದೆ. ಅದಕ್ಕೂ ಕೆಳಗೆ, ಜನರಿಗೆ ಹೆಸರುಗಳನ್ನು ನೋಂದಾಯಿಸಿಕೊಡುವ ರಿಜಿಸ್ಟ್ರಾರ್‌ಗಳೆಂಬ ಚಿಲ್ಲರೆ ಸಂಸ್ಥೆಗಳಿವೆ. ಸಗಟು ಮತ್ತು ಚಿಲ್ಲರೆಯ ಸಂಬಂಧವನ್ನು ಬಲ್ಲ ವರ್ತಕರಿಗೆ ಈ ವ್ಯವಸ್ಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ವ್ಯವಸ್ಥೆಯಲ್ಲಿ ಹೊಸ ನೋಂದಣಿಯ ನಂತರ ಐದು ದಿನಗಳ ರಿಯಾಯಿತಿ ಅವಧಿಯೊಂದನ್ನು ಇರಿಸಲಾಗಿದೆ. ಆ ಐದು ದಿನಗಳೊಳಗೆ ರಿಜಿಸ್ಟ್ರಾರನು ಹೆಸರನ್ನು ಅಳಿಸಿದರೆ ರಿಜಿಸ್ಟ್ರಿಗೆ ಸಂದಾಯವಾದ ಶುಲ್ಕವು ಪೂರ್ತಿಯಾಗಿ ಅವನ ಖಾತೆಗೆ ಜಮೆಯಾಗುತ್ತಿತ್ತು. ಇದರ ಉದ್ದೇಶ ಸದುದ್ದೇಶವೇ. ಗ್ರಾಹಕನು ಹೆಸರಿನ ಒಂದಕ್ಷರವನ್ನು ತಪ್ಪಾಗಿ ಒತ್ತಿರಬಹುದು. ಕದ್ದ ಕ್ರೆಡಿಟ್ ಕಾರ್ಡಿನಿಂದ ಯಾರೋ ಹಣ ಪಾವತಿ ಮಾಡಿರಬಹುದು. ರಿಜಿಸ್ಟ್ರಾರನ ಯಂತ್ರವೇ ಒಂದು ಹೆಸರನ್ನು ಎರಡು ಸಲ ದಾಖಲಿಸಿರಬಹುದು. ಇಂತಹ ಪ್ರಸಂಗಗಳಲ್ಲಿ ನಷ್ಟವು ನಿರಪರಾಧಿಯ ತಲೆಗೆ ಬೀಳಬಾರದೆಂದು ಈ ಅವಕಾಶ ಕಲ್ಪಿಸಲಾಗಿತ್ತು. ಅಂಗಡಿಯ ಬಿಲ್ಲಿನ ಹಿಂಭಾಗದಲ್ಲಿ ಮುದ್ರಿತವಾಗಿರುವ ‘ಎರಡು ದಿನಗಳೊಳಗೆ ಬದಲಾಯಿಸಿ ಕೊಡಲಾಗುವುದು’ ಎಂಬ ವಾಕ್ಯಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ರುಚಿ ನೋಡುವ ನೆಪ

ಲೋಭಿಗೆ ಈ ವಾಕ್ಯ ಬೇರೆಯೇ ಬಗೆಯಲ್ಲಿ ಕಂಡಿತು. ಐದು ದಿನ ಹೆಸರನ್ನು ಇಟ್ಟುಕೊಳ್ಳಲು ಖರ್ಚಿಲ್ಲವೆಂದಾದರೆ ಒಂದು ಹೆಸರನ್ನೇಕೆ, ಒಂದು ಲಕ್ಷ ಹೆಸರುಗಳನ್ನು ಇಟ್ಟುಕೊಳ್ಳಬಹುದಲ್ಲ ಎಂಬ ಲೆಕ್ಕವು ಹುಟ್ಟಿತು. ಯಂತ್ರಗಳ ಸಹಾಯದಿಂದ ರಾಶಿರಾಶಿಯಾಗಿ ಹೆಸರುಗಳನ್ನು ನೋಂದಾಯಿಸುವುದು. ಪ್ರತಿಯೊಂದು ಹೆಸರಿನ ಮೇಲೂ ಜಾಹೀರಾತಿನ ಕೊಂಡಿಗಳಿಂದ ತುಂಬಿದ ಒಂದು ಪುಟವನ್ನು ತೂಗುಹಾಕುವುದು. ದಾರಿ ತಪ್ಪಿ ಅಲ್ಲಿಗೆ ಬಂದವರು ಕೊಂಡಿಯನ್ನು ಒತ್ತಿದಾಗ ಜಾಹೀರಾತುದಾರನಿಂದ ಬರುವ ಕಾಸನ್ನು ಎಣಿಸುವುದು. ಐದನೆಯ ದಿನ, ಇಡೀ ವರ್ಷದ ಶುಲ್ಕಕ್ಕಿಂತ ಹೆಚ್ಚು ಗಳಿಸುವ ಲಕ್ಷಣವುಳ್ಳ ಕೆಲವನ್ನು ಉಳಿಸಿಕೊಂಡು ಮಿಕ್ಕವನ್ನು ಅಳಿಸಿ ಹಣ ವಾಪಸು ಪಡೆಯುವುದು. ಇದಕ್ಕೆ ‘ಡೊಮೇನ್ ಟೇಸ್ಟಿಂಗ್’, ಎಂದರೆ ಹೆಸರಿನ ರುಚಿ ನೋಡುವುದು ಎಂಬ ಮುದ್ದಾದ ನಾಮಕರಣವಾಯಿತು.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. 2007ರ ಅಕ್ಟೋಬರಿನವರೆಗೆ ಡಾಟ್ ಕಾಮ್ ಹೆಸರಿಗೆ ರಿಜಿಸ್ಟ್ರಿಯ ವಾರ್ಷಿಕ ಶುಲ್ಕವು 6 ಡಾಲರ್. ಅಂದರೆ ದಿನಕ್ಕೆ 2 ಸೆಂಟ್ ಗಳಿಸುವ ಹೆಸರು ವರ್ಷದ ಕೊನೆಗೆ ಶುಲ್ಕವನ್ನು ತೀರಿಸಿ ಲಾಭವನ್ನೂ ತರುತ್ತದೆ. ಲಕ್ಷ ಹೆಸರುಗಳಲ್ಲಿ ಅಂತಹವು ಕೆಲವೇ ಸಿಕ್ಕರೂ ಸಾಕು. ಉಳಿದವುಗಳ ಪರೀಕ್ಷೆಗೆ ತಗಲುವ ವೆಚ್ಚ ಸೊನ್ನೆ. ಠೇವಣಿಯ ಹಣವೂ ಸುತ್ತಿ ಸುತ್ತಿ ಮರಳಿ ಬರುತ್ತಿದ್ದುದರಿಂದ ಅದೇ ಬಂಡವಾಳವು ತಿಂಗಳಿಗೆ ಹಲವು ಸಲ ಹೊಸ ಹೆಸರುಗಳ ಮೇಲೆ ಓಡುತ್ತಿತ್ತು. ಇನ್ನೂ ಮುಂದೆ ಹೋದ ಕೆಲವರು ಐದನೆಯ ದಿನ ಅಳಿಸಿದ ಹೆಸರನ್ನು ಮರುಕ್ಷಣವೇ ಮತ್ತೆ ನೋಂದಾಯಿಸಿ, ಶುಲ್ಕ ಕೊಡದೆಯೇ ಹೆಸರನ್ನು ತಿಂಗಳುಗಟ್ಟಲೆ ತಮ್ಮಲ್ಲಿ ಇಟ್ಟುಕೊಳ್ಳುವ ಚಾತುರ್ಯವನ್ನು ಕಂಡುಕೊಂಡರು. ಇದನ್ನು ‘ಕೈಟಿಂಗ್’ ಎಂದರು. ಹಣವಿಲ್ಲದ ಖಾತೆಗಳ ನಡುವೆ ಚೆಕ್ಕುಗಳನ್ನು ಹಾರಿಸಿ ಬ್ಯಾಂಕನ್ನು ವಂಚಿಸುವ ವಿದ್ಯೆಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ನಾಮಸಾಮ್ಯವು ಆಕಸ್ಮಿಕವಲ್ಲ.

ಪ್ರಮಾಣವು ದಿಗ್ಭ್ರಮೆ ಹುಟ್ಟಿಸುವಂಥದು. 2006ರ ಏಪ್ರಿಲ್ ತಿಂಗಳಿನಲ್ಲಿ ನೋಂದಣಿಯಾದ ಸುಮಾರು 3.5 ಕೋಟಿ ಹೆಸರುಗಳಲ್ಲಿ ನಿಜವಾಗಿ ಹಣ ಕೊಟ್ಟು ಉಳಿಸಿಕೊಂಡವು 20 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಮಾತ್ರವೆಂದು ಗೋಡ್ಯಾಡಿ ಎಂಬ ನೋಂದಣಿ ಸಂಸ್ಥೆಯ ಅಂದಿನ ಮುಖ್ಯಸ್ಥ ಬಾಬ್ ಪಾರ್ಸನ್ಸ್ ಬಹಿರಂಗವಾಗಿ ತಿಳಿಸಿದರು. 2007ರ ಜನವರಿ ಒಂದೇ ತಿಂಗಳಿನಲ್ಲಿ ಡಾಟ್ ಕಾಮ್ ಮತ್ತು ಡಾಟ್ ನೆಟ್ ವರ್ಗಗಳಲ್ಲಿ 4,78,24,131 ಹೆಸರುಗಳು ಅಳಿಸಲ್ಪಟ್ಟವು. ಅವುಗಳಲ್ಲಿ 4,54,50,897, ಎಂದರೆ ಪ್ರತಿಶತ 95, ಕೇವಲ ಹತ್ತು ರಿಜಿಸ್ಟ್ರಾರ್‌ಗಳ ಕೃತ್ಯ. ಹತ್ತು ಕೈಗಳು ಒಂದು ತಿಂಗಳಿನಲ್ಲಿ ನಾಲ್ಕೂವರೆ ಕೋಟಿ ಸಲ ‘ತಪ್ಪಾಗಿ’ ಒತ್ತಿದವೆಂದು ನಂಬಲು ಯಾರೂ ಸಿದ್ಧರಿರಲಾರರು. ತಪ್ಪನ್ನು ತಿದ್ದಲೆಂದು ಇಟ್ಟಿದ್ದ ಬಾಗಿಲು ಸರಕು ಸಾಗಿಸುವ ಹೆದ್ದಾರಿಯಾಗಿತ್ತು.

ಪೂರ್ವಪಕ್ಷಗಳ ಪರಿಶೀಲನೆ

ಈ ವ್ಯವಹಾರವನ್ನು ಸಮರ್ಥಿಸಿದವರ ವಾದಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತ. ಏಕೆಂದರೆ ಅವೇ ವಾದಗಳು ಬೇರೆ ಬೇರೆ ವೇಷಗಳಲ್ಲಿ ಎಲ್ಲ ಪೇಟೆಗಳಲ್ಲಿಯೂ ಕೇಳಿಬರುತ್ತವೆ.

ಮೊದಲನೆಯ ವಾದ: ನಿಯಮವು ನಿಷೇಧಿಸಿರಲಿಲ್ಲ, ನಿಷೇಧಿಸದೆ ಇದ್ದುದನ್ನು ಮಾಡಿದರೆ ದೋಷವೇನು? ನಿಯಮಕ್ಕೆ ಅಕ್ಷರವೂ ಇದೆ, ಆಶಯವೂ ಇದೆ. ಅನ್ನಸತ್ರದ ಬಾಗಿಲಿನಲ್ಲಿ ‘ಹಸಿದವರು ಊಟ ಮಾಡಬಹುದು’ ಎಂದು ಬರೆದಿದ್ದರೆ, ಅಲ್ಲಿಂದ ಚೀಲ ತುಂಬಿಸಿಕೊಂಡು ಹೋಗಿ ಪಕ್ಕದ ಬೀದಿಯಲ್ಲಿ ಮಾರುವವನು ಫಲಕದ ಯಾವ ಅಕ್ಷರವನ್ನೂ ಮುರಿದಿಲ್ಲವೆಂದು ವಾದಿಸಬಹುದು. ಆದರೆ ಅವನಿಂದಾಗಿ ಸತ್ರವು ಮುಚ್ಚುತ್ತದೆ. ಅಕ್ಷರದ ಮರೆಯಲ್ಲಿ ಆಶಯವನ್ನು ಕೊಲ್ಲುವುದು ನಿಯಮಪಾಲನೆಯಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯವ್ರತಕ್ಕೆ ಐದು ಅತಿಚಾರಗಳನ್ನು ಹೇಳುವಾಗ, ನೇರವಾಗಿ ಕದಿಯುವುದನ್ನಲ್ಲದೆ ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ, ಅಸಲಿಗೆ ನಕಲಿಯನ್ನು ಬೆರೆಸುವ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿರುವುದು ಗಮನಾರ್ಹ. ಕಳ್ಳತನವು ಬೀಗ ಒಡೆಯುವುದರಲ್ಲಿ ಮಾತ್ರವಿಲ್ಲ, ತಕ್ಕಡಿಯಲ್ಲಿಯೂ ಇದೆ ಎಂಬುದು ಅದರ ಇಂಗಿತ.

ಎರಡನೆಯ ವಾದ: ಯಾರಿಗೂ ನಷ್ಟವಾಗಿಲ್ಲ, ಯಾರೂ ಕೊಳ್ಳದ ಹೆಸರು ಐದು ದಿನ ಒಬ್ಬನ ಬಳಿ ಇದ್ದರೇನಂತೆ? ಈ ಮಾತು ಮೂರು ಕಡೆಗಳಿಂದ ಅಸತ್ಯ. ಒಂದು, ಒಬ್ಬನು ಹಿಡಿದಿಟ್ಟುಕೊಂಡ ಹೆಸರು ಆ ಅವಧಿಯಲ್ಲಿ ನಿಜವಾದ ಅರ್ಥಿಗೆ ದೊರೆಯದು. ಅಳಿಸಿ ಮತ್ತೆ ಹಿಡಿಯುವವನ ಕೈಯಲ್ಲಂತೂ ಎಂದಿಗೂ ದೊರೆಯದು. ಎರಡು, ಕೋಟ್ಯಂತರ ಬಾರಿ ಬರೆದು ಅಳಿಸುವ ಭಾರವನ್ನು ಹೊರುವ ಯಂತ್ರಗಳ ಖರ್ಚು, ಪೂರ್ತಿ ಶುಲ್ಕ ಕೊಡುವ ಸಾಮಾನ್ಯ ಗ್ರಾಹಕನ ಹಣದಿಂದಲೇ ನಡೆಯಬೇಕು. ಮೂರು, ಹೀಗೆ ಹಿಡಿಯಲ್ಪಟ್ಟ ಹೆಸರುಗಳಲ್ಲಿ ಹೆಚ್ಚು ಫಲ ಕೊಡುತ್ತಿದ್ದವು ಎರಡು ಬಗೆಯವು: ಪ್ರಸಿದ್ಧ ಸಂಸ್ಥೆಗಳ ಹೆಸರಿನಲ್ಲಿ ಒಂದಕ್ಷರವನ್ನು ಪಲ್ಲಟಗೊಳಿಸಿದವು ಮತ್ತು ನವೀಕರಣವಾಗದೆ ಕೈಬಿಟ್ಟುಹೋದವು.

ಈ ಎರಡನೆಯ ಬಗೆಯು ದತ್ತಿ ಸಂಸ್ಥೆಗಳನ್ನು ನೇರವಾಗಿ ತಟ್ಟುತ್ತದೆ. ಒಂದು ಬಸದಿಯ ಟ್ರಸ್ಟ್, ವಿದ್ಯಾರ್ಥಿನಿಲಯ ಅಥವಾ ಧರ್ಮಶಾಲೆಯು ತನ್ನ ಹೆಸರನ್ನು ನೋಂದಾಯಿಸಿ, ಆಹ್ವಾನಪತ್ರಿಕೆ ರಸೀದಿಗಳ ಮೇಲೆ ಅಚ್ಚು ಹಾಕಿಸಿ, ನವೀಕರಣದ ದಿನವನ್ನು ಮರೆತಿತೆಂದು ಭಾವಿಸಬಹುದು. ಅವಧಿ ಮುಗಿದ ಡಾಟ್ ಕಾಮ್ ಹೆಸರು ಹೆಚ್ಚೆಂದರೆ 45 ದಿನಗಳ ನವೀಕರಣ ರಿಯಾಯಿತಿಯನ್ನೂ, ಅಳಿಸಿದ ಮೇಲೆ 30 ದಿನಗಳ ವಿಮೋಚನಾ ಅವಧಿಯನ್ನೂ, ಕೊನೆಗೆ 5 ದಿನಗಳ ಕಾಯುವಿಕೆಯನ್ನೂ ದಾಟಿ ಯಾರಿಗಾದರೂ ದೊರೆಯುವಂತಾಗುತ್ತದೆ. ಅದೇ ಕ್ಷಣದಲ್ಲಿ ಅದನ್ನು ಕಸಿದುಕೊಳ್ಳಲು ಯಂತ್ರಗಳು ಕಾದು ಕುಳಿತಿರುತ್ತವೆ. ಭಕ್ತರು ಹಳೆಯ ವಿಳಾಸವನ್ನೇ ಒತ್ತುತ್ತಾರೆ. ಅವರಿಗೆ ಕಾಣುವುದು ಸಂಸ್ಥೆಯ ಪುಟವಲ್ಲ, ಜಾಹೀರಾತಿನ ಪಟ್ಟಿ. ಹಲವು ವರ್ಷಗಳ ಸೇವೆಯಿಂದ ಸಂಪಾದಿಸಿದ ಸಂಸ್ಥೆಯ ಮೇಲಣ ವಿಶ್ವಾಸವೇ ಇಲ್ಲಿ ಪರರ ಸರಕಾಗುತ್ತದೆ. ರುಚಿ ನೋಡುವವನು ಅದಕ್ಕೆ ಐದು ದಿನ ಒಂದು ಕಾಸನ್ನೂ ತೆರುತ್ತಿರಲಿಲ್ಲ ಎಂಬುದು ಗಾಯದ ಮೇಲಿನ ಉಪ್ಪು.

ಮೂರನೆಯ ವಾದ: ಇದು ಮಾರುಕಟ್ಟೆಯ ಪರೀಕ್ಷೆ, ಧಾನ್ಯದ ವರ್ತಕನು ಮೂಟೆಯಿಂದ ಹಿಡಿಕಾಳು ತೆಗೆದು ನೋಡುವುದಿಲ್ಲವೇ? ನೋಡುತ್ತಾನೆ. ಆದರೆ ಹಿಡಿಕಾಳನ್ನು ನೋಡಿ ಮೂಟೆಯನ್ನು ಕೊಳ್ಳುತ್ತಾನೆ, ಇಲ್ಲವೆ ಬಿಡುತ್ತಾನೆ; ಮಾದರಿಯೆಂದು ನೂರು ಮೂಟೆಗಳನ್ನು ಹೊತ್ತೊಯ್ದು, ಐದು ದಿನ ಅವುಗಳಿಂದ ಅಂಗಡಿ ನಡೆಸಿ, ಐದು ಮೂಟೆಗಳನ್ನಿಟ್ಟುಕೊಂಡು ತೊಂಬತ್ತೈದನ್ನು ಹಿಂದಕ್ಕೆ ಕಳುಹಿಸುವುದಿಲ್ಲ. ಪರೀಕ್ಷೆಯ ಲಕ್ಷಣವೆಂದರೆ ಪರೀಕ್ಷಿಸುವ ಕಾಲದಲ್ಲಿ ಗಳಿಕೆಯಿಲ್ಲದಿರುವುದು. ಇಲ್ಲಿ ಆ ಐದು ದಿನಗಳ ಗಳಿಕೆಯೂ ಲಾಭದ ಖಾತೆಗೆ ಹೋಗುತ್ತಿತ್ತು.

ನಾಲ್ಕನೆಯ ವಾದ: ಅನ್ಯಾಯವಾದವರಿಗೆ ನ್ಯಾಯದ ಮಾರ್ಗ ತೆರೆದೇ ಇತ್ತಲ್ಲ? ಹೆಸರಿನ ವಿವಾದಗಳಿಗೆಂದು 1999ರಿಂದ ಏಕರೂಪದ ಪಂಚಾಯತಿ ವ್ಯವಸ್ಥೆಯೊಂದು ಇರುವುದು ನಿಜ. ಜಿನೀವಾದಲ್ಲಿರುವ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಮುಂದೆ ಐದು ಹೆಸರುಗಳವರೆಗಿನ ಒಂದು ದೂರನ್ನು ಒಬ್ಬ ತೀರ್ಪುಗಾರನ ಮುಂದೆ ಇಡಲು ಶುಲ್ಕ 1500 ಡಾಲರ್. ತೀರ್ಮಾನಕ್ಕೆ ವಾರಗಳು ಹಿಡಿಯುತ್ತವೆ. ದೂರಿನ ಕರಡು ಸಿದ್ಧವಾಗುವ ಮೊದಲೇ ಐದು ದಿನಗಳು ಕಳೆದು ಹೆಸರು ಅಳಿಸಿಹೋಗಿ, ಮರುದಿನ ಇನ್ನೊಬ್ಬನ ಹೆಸರಿನಲ್ಲಿ ತಲೆಯೆತ್ತಿದರೆ ಪ್ರತಿವಾದಿಯನ್ನು ಎಲ್ಲಿ ಹುಡುಕುವುದು? ಈ ಹೊಸ ನೋಂದಣಿ ಪದ್ಧತಿಗಳಿಂದ ವ್ಯಾಪಾರಚಿಹ್ನೆಗಳಿಗೆ ಒದಗಿದ ಅಪಾಯವನ್ನು ಕುರಿತು ಆ ಸಂಸ್ಥೆಯೇ 2007ರಲ್ಲಿ ಎಚ್ಚರಿಸಿತು. ಅದೇ ವರ್ಷ ಡೆಲ್ ಎಂಬ ಕಂಪ್ಯೂಟರ್ ಕಂಪನಿಯು ಕೆಲವು ರಿಜಿಸ್ಟ್ರಾರ್‌ಗಳ ಮೇಲೆ ಫ್ಲಾರಿಡಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಡೆಲ್ ಹೂಡಬಲ್ಲದು, ಒಂದು ಧರ್ಮಶಾಲೆ ಹೂಡಬಲ್ಲುದೇ? ಬಲಾಢ್ಯರಿಗೆ ಮಾತ್ರ ಎಟಕುವ ನ್ಯಾಯವನ್ನು ತೋರಿಸಿ ದುರ್ಬಲರ ಬಾಯಿ ಮುಚ್ಚಿಸುವುದು ವಾದವಲ್ಲ.

ಪಿಡುಗು ಒಂದೇ ರೂಪದಲ್ಲಿ ನಿಲ್ಲಲಿಲ್ಲ ಎಂಬುದೂ ಸ್ಮರಣೀಯ. 2008ರ ಜನವರಿಯಲ್ಲಿ ಅಮೆರಿಕದ ಹಳೆಯ ನೋಂದಣಿ ಸಂಸ್ಥೆಯಾದ ನೆಟ್‌ವರ್ಕ್ ಸೊಲ್ಯೂಷನ್ಸ್, ತನ್ನಲ್ಲಿ ಯಾರಾದರೂ ಒಂದು ಹೆಸರು ಲಭ್ಯವಿದೆಯೇ ಎಂದು ಹುಡುಕಿದ ಮಾತ್ರಕ್ಕೆ ಆ ಹೆಸರನ್ನು ಕೆಲವು ದಿನ ತನ್ನಲ್ಲಿಯೇ ಕಾದಿರಿಸುವ ಪದ್ಧತಿಯನ್ನು ಆರಂಭಿಸಿದುದು ಬಹಿರಂಗವಾಯಿತು. ಹುಡುಕಿದವನು ಅದನ್ನು ಬೇರೆ ಅಂಗಡಿಯಲ್ಲಿ ಕೊಳ್ಳುವಂತಿರಲಿಲ್ಲ. ಬೇರೆಯವರು ಕಸಿಯದಂತೆ ಗ್ರಾಹಕನನ್ನು ರಕ್ಷಿಸುವುದೇ ತನ್ನ ಉದ್ದೇಶವೆಂದು ಸಂಸ್ಥೆ ಹೇಳಿತು. ಉದ್ದೇಶ ಏನೇ ಇರಲಿ, ಸಾಧನವು ಅದೇ ಐದು ದಿನಗಳ ಉಚಿತ ಅವಧಿ. ಬೆಲೆ ವಿಚಾರಿಸಲು ಬಂದವನ ಕೈಕಟ್ಟಿ ಕೂರಿಸುವ ಅಂಗಡಿಯನ್ನು ಗ್ರಾಹಕಸೇವೆಯ ಮಾದರಿಯೆಂದು ಒಪ್ಪುವುದು ಕಷ್ಟ.

ಮದ್ದು ಮತ್ತು ಅದರ ವಿಳಂಬ

ರೋಗಕ್ಕೆ ಮದ್ದು ದುರ್ಲಭವಾಗಿತ್ತೇ? ಇಲ್ಲ. ಡಾಟ್ ಆರ್ಗ್ ಹೆಸರುಗಳ ರಿಜಿಸ್ಟ್ರಿಯಾದ ಪಬ್ಲಿಕ್ ಇಂಟರೆಸ್ಟ್ ರಿಜಿಸ್ಟ್ರಿಯು 2007ರಲ್ಲಿಯೇ ಒಂದು ಸಣ್ಣ ಪ್ರಯೋಗ ಮಾಡಿತು. ಹೊಸ ನೋಂದಣಿಗಳಲ್ಲಿ ಪ್ರತಿಶತ 90ಕ್ಕಿಂತ ಹೆಚ್ಚನ್ನು ಅಳಿಸುವ ರಿಜಿಸ್ಟ್ರಾರನು ಅಳಿಸಿದ ಪ್ರತಿ ಹೆಸರಿಗೂ 5 ಸೆಂಟ್ ತೆರಬೇಕೆಂದು ವಿಧಿಸಿತು. ಐದೇ ಸೆಂಟ್! ಅಷ್ಟಕ್ಕೇ ಆ ವರ್ಗದಲ್ಲಿ ರುಚಿ ನೋಡುವವರ ಹಸಿವು ಇಂಗಿಹೋಯಿತು. ಜಾಹೀರಾತಿನ ಮೂಲವಾಗಿದ್ದ ಗೂಗಲ್ ಕಂಪನಿಯೂ 2008ರ ಜನವರಿಯಲ್ಲಿ, ಹೀಗೆ ರುಚಿ ನೋಡಲ್ಪಡುತ್ತಿರುವ ಹೆಸರುಗಳಿಗೆ ಜಾಹೀರಾತಿನ ಹಣವನ್ನು ಕೊಡುವುದಿಲ್ಲವೆಂದು ಪ್ರಕಟಿಸಿತು.

ಐಕ್ಯಾನ್ ಮಾತ್ರ ತನ್ನ ಗತಿಯಲ್ಲಿ ನಡೆಯಿತು. ಸಾಮಾನ್ಯ ಬಳಕೆದಾರರ ಪರವಾಗಿ ಅದರೊಳಗೇ ಇರುವ ಸಲಹಾ ಸಮಿತಿಯು 2007ರಲ್ಲಿ ವಿಷಯವನ್ನು ಎತ್ತಿದ ಮೇಲೆ ಆ ವರ್ಷದ ಜೂನಿನಲ್ಲಿ ವರದಿ ಸಿದ್ಧವಾಯಿತು. ಅಕ್ಟೋಬರಿನಲ್ಲಿ ವಿಧ್ಯುಕ್ತ ಪ್ರಕ್ರಿಯೆ ಆರಂಭವಾಯಿತು. 2008ರ ಫೆಬ್ರವರಿಯಲ್ಲಿ ಸಂಸ್ಥೆಯ ಸಾರ್ವಜನಿಕ ಸಭೆ ನವದೆಹಲಿಯಲ್ಲಿ ನಡೆದಾಗಲೂ ವಿಷಯ ಇನ್ನೂ ಇತ್ಯರ್ಥವಾಗಿರಲಿಲ್ಲ. ಏಪ್ರಿಲಿನಲ್ಲಿ ಸಂಬಂಧಪಟ್ಟ ಪರಿಷತ್ತು ಒಪ್ಪಿತು. ಜೂನ್ 26ರಂದು ಪ್ಯಾರಿಸ್ಸಿನಲ್ಲಿ ಆಡಳಿತ ಮಂಡಳಿಯು ಅನುಮೋದಿಸಿತು. 2009ರ ಏಪ್ರಿಲ್ 1ರಂದು ನಿಯಮ ಜಾರಿಗೆ ಬಂದಿತು. ಕೋಟಿಗಳ ಲೆಕ್ಕವು ಬಹಿರಂಗವಾದದ್ದು 2006ರಲ್ಲಿ. ಎಲ್ಲರ ಮಾತನ್ನೂ ಕೇಳಿ ತೀರ್ಮಾನಿಸುವುದು ಸದ್ಗುಣವೇ ಸರಿ. ಆದರೆ ಮನೆಗೆ ಬೆಂಕಿ ಬಿದ್ದಾಗ ನೀರಿನ ಗುಣವನ್ನು ಕುರಿತು ಮೂರು ವರ್ಷ ಸಭೆ ನಡೆಸುವುದನ್ನು ಸದ್ಗುಣವೆನ್ನಲಾಗದು. ಆ ಅವಧಿಯಲ್ಲಿ ಗಳಿಸಿದವರು ಗಳಿಸಿಯೇಬಿಟ್ಟರು.

ಕೊನೆಗೆ ಬಂದ ನಿಯಮವಾದರೋ ಸರಳವಾಗಿದೆ, ನ್ಯಾಯವಾಗಿದೆ. ಒಬ್ಬ ರಿಜಿಸ್ಟ್ರಾರನು ಒಂದು ತಿಂಗಳಿನಲ್ಲಿ ಉಳಿಸಿಕೊಂಡ ನಿವ್ವಳ ಹೊಸ ಹೆಸರುಗಳ ಪ್ರತಿಶತ 10 ಅಥವಾ 50 ಹೆಸರುಗಳು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಮಾತ್ರ ಅಳಿಸಿ ಶುಲ್ಕವನ್ನು ಮರಳಿ ಪಡೆಯಬಹುದು. ಅದನ್ನು ಮೀರಿ ಅಳಿಸಲು ಅಡ್ಡಿಯಿಲ್ಲ, ಆದರೆ ಹಣ ಮರಳಿ ಬಾರದು. ಅಸಾಧಾರಣ ಸಂದರ್ಭವಿದ್ದರೆ ವಿನಾಯಿತಿ ಕೇಳಬಹುದು. ಆದರೆ ಒಬ್ಬನಿಗೇ ಪದೇಪದೇ ಒದಗುವ ಅಸಾಧಾರಣ ಸಂದರ್ಭವನ್ನು ಅಸಾಧಾರಣವೆಂದು ಪರಿಗಣಿಸುವಂತಿಲ್ಲ. ಈ ಕೊನೆಯ ಮಾತನ್ನು ರಿಯಾಯಿತಿ ಕೊಡುವ ಎಲ್ಲ ಸಂಸ್ಥೆಗಳೂ ತಮ್ಮ ಗೋಡೆಯ ಮೇಲೆ ಬರೆಸಿಟ್ಟುಕೊಳ್ಳಬಹುದು.

ಲೆಕ್ಕದಲ್ಲಿ ಇದರ ಪರಿಣಾಮ ನಿಚ್ಚಳವಾಗುತ್ತದೆ. ತಿಂಗಳಿಗೆ ಸಾವಿರ ಹೆಸರುಗಳನ್ನು ಉಳಿಸಿಕೊಂಡು ಲಕ್ಷ ಹೆಸರುಗಳನ್ನು ಅಳಿಸುವವನಿಗೆ ಹಣ ಮರಳುವುದು ನೂರು ಹೆಸರುಗಳಿಗೆ ಮಾತ್ರ. ಉಳಿದ 99,900 ಹೆಸರುಗಳಿಗೆ, 2009ರಲ್ಲಿದ್ದ 6.86 ಡಾಲರ್ ದರದಂತೆ, 6,85,314 ಡಾಲರ್‌ಗಳನ್ನು ಅವನು ಕಳೆದುಕೊಳ್ಳುತ್ತಾನೆ. ಅದೇ ಸಾವಿರ ಹೆಸರುಗಳನ್ನು ಮಾರಿ, ಮೂವತ್ತು ನಲವತ್ತು ಗ್ರಾಹಕರ ಅಕ್ಷರದೋಷಗಳನ್ನು ತಿದ್ದಿಕೊಡುವ ಪ್ರಾಮಾಣಿಕನಿಗೆ ನಿಯಮದ ಬಿಸಿಯೇ ತಟ್ಟದು.

ಇದಕ್ಕೂ ಮೊದಲೇ, 2008ರ ಜುಲೈಯಿಂದ, ಅದೇ ಮಿತಿಯನ್ನು ಮೀರಿ ಅಳಿಸಿದ ಪ್ರತಿ ಹೆಸರಿಗೂ ಐಕ್ಯಾನ್ ತನ್ನ 20 ಸೆಂಟ್ ಶುಲ್ಕವನ್ನು ವಿಧಿಸಲಾರಂಭಿಸಿತ್ತು. ಫಲವೇನು? 2008ರ ಜೂನಿನಲ್ಲಿ 1 ಕೋಟಿ 76 ಲಕ್ಷದಷ್ಟಿದ್ದ ಐದು ದಿನಗಳೊಳಗಿನ ಅಳಿಸುವಿಕೆಗಳು ಜುಲೈಯಲ್ಲಿ 28 ಲಕ್ಷದ ಆಸುಪಾಸಿಗೆ ಇಳಿದವು. ಒಂದೇ ತಿಂಗಳಿನಲ್ಲಿ ಪ್ರತಿಶತ 84ರ ಕುಸಿತ. 2009ರ ಏಪ್ರಿಲಿನಲ್ಲಿ ಪೂರ್ಣ ನಿಯಮ ಬಂದಾಗ ಅವು 60 ಸಾವಿರಕ್ಕಿಂತ ಕೆಳಗಿಳಿದವು. ಒಟ್ಟು ಇಳಿಕೆ ಪ್ರತಿಶತ 99.7 ಎಂದು ಐಕ್ಯಾನ್ ಪ್ರಕಟಿಸಿತು.

ಈ ಅಂಕಿಗಳು ಸಮರ್ಥಕರ ವಾದಗಳಿಗೆಲ್ಲ ಉತ್ತರ ಹೇಳುತ್ತವೆ. ಇಪ್ಪತ್ತು ಸೆಂಟಿನ ಎದುರು ನಿಲ್ಲಲಾರದ ವ್ಯಾಪಾರವು ವ್ಯಾಪಾರವೇ? ಸಮಾಜಕ್ಕೆ ಉಪಯೋಗವುಳ್ಳ ಯಾವ ಉದ್ಯಮವು ತನ್ನ ಸರಕಿನ ಬೆಲೆಯ ಮೂವತ್ತನೆಯ ಒಂದು ಭಾಗವನ್ನು ಕೇಳಿದೊಡನೆ ಬಾಗಿಲು ಮುಚ್ಚುತ್ತದೆ? ಪರರ ಖರ್ಚಿನಲ್ಲಿ ನಿಂತಿದ್ದುದು ಆ ಖರ್ಚನ್ನು ತಾನೇ ಹೊರಬೇಕಾದಾಗ ಬಿದ್ದುಹೋಯಿತು.

ಸೌಲಭ್ಯವನ್ನೇ ರದ್ದುಮಾಡಬೇಕೆಂಬವರಿಗೆ

ಇನ್ನೊಂದು ತುದಿಯ ವಾದಿಗಳೂ ಇದ್ದರು. ದುರುಪಯೋಗವಾಗುವ ಸೌಲಭ್ಯವನ್ನು ಬೇರುಸಹಿತ ಕಿತ್ತುಹಾಕಬೇಕು, ಐದು ದಿನಗಳ ಅವಧಿಯೇ ಬೇಡ ಎಂಬುದು ಅವರ ಮತ. ಕೋಪದಲ್ಲಿ ಹುಟ್ಟಿದ ಈ ಮತಕ್ಕೆ ಸಹಾನುಭೂತಿ ತೋರಬಹುದು, ಸಮ್ಮತಿ ಕೊಡಲಾಗದು. ಕಳ್ಳನನ್ನು ಹಿಡಿಯಲಾಗದೆ ಊರಿನವರೆಲ್ಲರ ದೀಪ ಆರಿಸುವ ಆಡಳಿತವು ಕಳ್ಳನಿಗೇ ಅನುಕೂಲ ಮಾಡಿಕೊಡುತ್ತದೆ. ಅಕ್ಷರ ತಪ್ಪಿದ ಅಜ್ಜನಿಗೆ, ಕಾರ್ಡು ಕಳುವಾದ ಗೃಹಿಣಿಗೆ, ಮೋಸದ ಪಾವತಿಯಿಂದ ಹಣ ಕಳೆದುಕೊಳ್ಳುವ ಸಣ್ಣ ನೋಂದಣಿ ಸಂಸ್ಥೆಗೆ ಆ ಐದು ದಿನಗಳು ಇಂದಿಗೂ ಬೇಕು. ವಂಚನೆಗಾಗಿ ನೋಂದಾಯಿಸಿದ ಹೆಸರನ್ನು ಬೇಗನೆ ಪತ್ತೆಹಚ್ಚಿ ಅಳಿಸುವ ರಿಜಿಸ್ಟ್ರಾರನಿಗೂ ಅದು ಆಸರೆ. 2024ರ ಏಪ್ರಿಲ್ 5ರಿಂದ ಜಾರಿಗೆ ಬಂದ ಐಕ್ಯಾನ್ ಕರಾರಿನ ತಿದ್ದುಪಡಿಗಳು, ಸಾಕ್ಷ್ಯ ದೊರೆತಾಗ ಫಿಶಿಂಗ್ ಮೊದಲಾದ ವಂಚನೆಗಳಿಗೆ ಬಳಕೆಯಾಗುವ ಹೆಸರುಗಳ ಮೇಲೆ ಕ್ರಮ ಕೈಗೊಳ್ಳುವುದನ್ನು ರಿಜಿಸ್ಟ್ರಾರ್‌ಗಳ ಮತ್ತು ರಿಜಿಸ್ಟ್ರಿಗಳ ಕರ್ತವ್ಯವನ್ನಾಗಿಸಿವೆ. ಆ ಕರ್ತವ್ಯವನ್ನು ನಿಷ್ಠೆಯಿಂದ ಮಾಡುವವನಿಗೆ ದಂಡ ವಿಧಿಸುವುದು ಯಾವ ನೀತಿ?

ಆದುದರಿಂದ ಮಿತಿಯೇ ಸರಿಯಾದ ಮಾರ್ಗ. ಪರಿಗ್ರಹಕ್ಕೆ ಪರಿಮಾಣವನ್ನು ಹಾಕಿಕೊಳ್ಳುವ ಗೃಹಸ್ಥನಿಗೆ ಈ ಮಾತು ಹೊಸದಲ್ಲ. ಪ್ರತಿಶತ ಹತ್ತು ಎಂಬ ಅಂಕಿ ಪವಿತ್ರವಲ್ಲದಿರಬಹುದು. ತಪ್ಪು ಸಹಜವೆಂದು ಒಪ್ಪುವ, ತಪ್ಪೇ ಕಸುಬಾಗುವುದನ್ನು ಒಪ್ಪದ ತತ್ತ್ವವು ಅದರ ಹಿಂದಿದೆ.

ಇಂದಿನ ಕರ್ತವ್ಯ

ನಿಯಮ ಬಂದುದರಿಂದ ಎಲ್ಲವೂ ಸರಿಹೋಯಿತೆಂದು ನಿದ್ರಿಸುವಂತಿಲ್ಲ. 2013ರ ನಂತರ ಸಾವಿರಕ್ಕೂ ಹೆಚ್ಚು ಹೊಸ ವರ್ಗದ ಹೆಸರುಗಳು ಪೇಟೆಗೆ ಬಂದಿವೆ. ಕೆಲವು ವರ್ಗಗಳಲ್ಲಿ ಮೊದಲ ವರ್ಷದ ದರವನ್ನು ತೀರ ಇಳಿಸಿ ರಾಶಿಯಾಗಿ ಮಾರುವ ಪದ್ಧತಿ ಇದೆ. ಹೆಸರಿನ ಬೆಲೆಯೇ ಕಸದಷ್ಟಾದರೆ ವಂಚಕನಿಗೆ ಹಣ ಮರಳಿ ಪಡೆಯುವ ಗೊಡವೆಯೂ ಬೇಡ, ಬಳಸಿ ಬಿಸಾಡಿದರಾಯಿತು. ಹಿಂಬಾಗಿಲಿಗೆ ಅಗುಳಿ ಹಾಕಿದವರು ಮುಂಬಾಗಿಲಿನ ರಿಯಾಯಿತಿ ಮಾರಾಟವನ್ನೂ ಅದೇ ತತ್ತ್ವದಿಂದ ಪರಿಶೀಲಿಸಬೇಕು: ದುರುಪಯೋಗದ ಖರ್ಚನ್ನು ಹೊರುವವರು ಯಾರು? ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ, ವಂಚಿತನಾಗುವ ಮೂರನೆಯವನು ಎಂದಾದರೆ ಆ ವ್ಯವಹಾರದಲ್ಲಿ ದೋಷವಿದೆ.

ಟ್ರಸ್ಟುಗಳ ಪದಾಧಿಕಾರಿಗಳು ಮಾಡಬೇಕಾದ ಕೆಲಸಗಳು ಕೆಲವಿವೆ. ಸಂಸ್ಥೆಯ ಡೊಮೇನ್ ಹೆಸರನ್ನು ಅದನ್ನು ಮಾಡಿಸಿಕೊಟ್ಟ ಯುವಕನ ಹೆಸರಿನಲ್ಲಿಯೋ ಏಜೆಂಟನ ಹೆಸರಿನಲ್ಲಿಯೋ ಬಿಡದೆ ಸಂಸ್ಥೆಯ ಹೆಸರಿನಲ್ಲಿಯೇ ನೋಂದಾಯಿಸಬೇಕು. ನವೀಕರಣದ ದಿನಾಂಕವನ್ನು ವಿಮೆ ಮತ್ತು ಕಂದಾಯದ ದಿನಾಂಕಗಳಂತೆಯೇ ದಫ್ತರದಲ್ಲಿ ಬರೆದು, ಸಾಧ್ಯವಾದರೆ ಹಲವು ವರ್ಷಗಳ ಶುಲ್ಕವನ್ನು ಒಮ್ಮೆಗೇ ತೆರಬೇಕು. ಕಾರ್ಯದರ್ಶಿ ಬದಲಾದಾಗ ಬೀಗದ ಕೈಗಳೊಡನೆ ಖಾತೆಯ ಗುಪ್ತಪದವೂ ಹಸ್ತಾಂತರವಾಗಬೇಕು. ಹೆಸರೂ ಸಂಸ್ಥೆಯ ಆಸ್ತಿಯೇ. ಭಂಡಾರದ ಬೆಳ್ಳಿಯ ಪಾತ್ರೆಗಳಿಗೆ ಇರುವ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಇರಬೇಕು.

ವರ್ತಕ ಕುಟುಂಬಗಳಿಗೂ ಇಲ್ಲಿ ಪಾಠವಿದೆ. ಮರಳಿಸುವ ಸೌಲಭ್ಯವನ್ನು ಗ್ರಾಹಕರಿಗೆ ಕೊಡುವವರು ಮೂರು ಸಂಗತಿಗಳನ್ನು ಸ್ಪಷ್ಟಪಡಿಸಬೇಕು: ಯಾವ ಉದ್ದೇಶಕ್ಕೆ, ಎಷ್ಟರ ಮಟ್ಟಿಗೆ, ಮಿತಿ ಮೀರಿದರೆ ಯಾರ ಖರ್ಚಿನಲ್ಲಿ. ಸೌಲಭ್ಯವನ್ನು ಪಡೆಯುವವರು ಒಂದೇ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು: ಧರಿಸಿ ಮೆರೆದ ಸೀರೆಯನ್ನು ಒಪ್ಪಿಗೆಯಾಗಲಿಲ್ಲವೆಂದು ಹಿಂದಿರುಗಿಸುವಾಗ ಅಂಗಡಿಯವನ ನಷ್ಟದ ಜೊತೆಗೆ, ಮುಂದೆ ನಿಜವಾಗಿಯೂ ಅಗತ್ಯವಿರುವ ಇನ್ನೊಬ್ಬ ಗ್ರಾಹಕನ ಅವಕಾಶವೂ ನಾಶವಾಗುತ್ತದೆ. ಹತ್ತು ರಿಜಿಸ್ಟ್ರಾರ್‌ಗಳ ಲೋಭದಿಂದ ಲೋಕದ ಎಲ್ಲ ನೋಂದಣಿದಾರರ ಮೇಲೆ ಲೆಕ್ಕದ ಮಿತಿ ಬಂದಿತು. ಮನಸ್ಸಿನಲ್ಲಿ ಮಿತಿಯುಳ್ಳವರಿಗೆ ನಿಯಮದ ಮಿತಿ ಭಾರವಾಗದು. ಇಲ್ಲದವರಿಗೆ ಅದನ್ನು ಹೊರಗಿನಿಂದ, ಬೆಲೆಯ ರೂಪದಲ್ಲಿ, ತಡಮಾಡದೆ ವಿಧಿಸುವುದೇ ವ್ಯವಸ್ಥೆಯ ಹೊಣೆ.